ನನ್ನ ಜೈಲಿನ ಕೊನೆಯ ಕೈದಿ

ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು ತಮ್ಮ ನೌಕರಿಯ ಕತೆಯನ್ನು ಸಾಮಾನ್ಯವಾಗಿ ಒಬ್ಬ ದರೋಡೆಕೋರನಿಂದ ಶುರು ಮಾಡುತ್ತಾರೆ. ಆ ದರೋಡೆಕೋರ ಮೊದಲ ಸಲ ಕತೆ ಹೇಳುವಾಗ ಐದೂವರೆ ಅಡಿ ಇರುತ್ತಾನೆ. ಆಮೇಲೆ ವರ್ಷಕ್ಕೆ ಒಂದೊಂದು ಅಂಗುಲ ಬೆಳೆಯುತ್ತಾ ಹೋಗುತ್ತಾನೆ. ನನ್ನ ಕತೆಯಲ್ಲಿ ಅಂಥವನು ಯಾರೂ ಇಲ್ಲ. ನನ್ನ ನೌಕರಿ ಶುರುವಾದದ್ದು ಕುರಿ ಕದ್ದ ಒಬ್ಬ ಮುದುಕನ ಮುಂದೆ ಕೈಮುಗಿದು ನಿಂತದ್ದರಿಂದ. ಇದನ್ನು ನಾನು ಸಭೆಯಲ್ಲಿ ಹೇಳಿಕೊಳ್ಳುವುದಿಲ್ಲ. ಈಗ ವಯಸ್ಸಾಗಿದೆ, ಮಾನ ಕಾಪಾಡಿಕೊಳ್ಳುವುದೂ ಒಂದು ದಣಿವಿನ ಕೆಲಸವಾಗಿಬಿಟ್ಟಿದೆ. ಆದ್ದರಿಂದ ನಿಮಗೆ ಹೇಳುತ್ತೇನೆ.

ನನಗೆ ಪೊಲೀಸ್ ಆಗಬೇಕಿತ್ತು. ಅದಕ್ಕೆ ಶೌರ್ಯ ಕಾರಣವಲ್ಲ, ನಾರಾಯಣಪೇಟೆಯ ಒಬ್ಬ ಸೀರೆ ವ್ಯಾಪಾರಿ ಕಾರಣ. ಅವರ ಮಗಳು ಶಾಂತಮ್ಮನನ್ನು ನನಗೆ ಕೇಳಿದಾಗ ಅವರು ಮಗ್ಗದ ಬಟ್ಟೆಯನ್ನು ಎಳೆದು ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗ ಪೊಲೀಸ್ ಆಗಲಿ, ಆಮ್ಯಾಲ ಮಾತಾಡೂಣು" ಎಂದಿದ್ದರು. ಹಳೆ ಸರ್ಕಾರ ಹೋಗಿ ಹೊಸದು ಬಂದ ಪೊಲೀಸ್ ಆಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಯಾವ ಕಚೇರಿಯಲ್ಲಿ ಯಾರು ಯಾರಿಗೆ ಸಲಾಮು ಹೊಡೆಯಬೇಕೆಂಬುದೇ ಗೊತ್ತಾಗದ ಕಾಲ. ತಹಸೀಲು ಕಚೇರಿಯಲ್ಲಿ ಪೇಶ್ಕಾರರಾಗಿದ್ದ ನನ್ನ ಸೋದರಮಾವ ಒಂದು ದಾರಿ ತೋರಿಸಿದರು. "ಸೀದಾ ಪೊಲೀಸಿನಾಗ ತಗೊಳ್ಳಂಗಿಲ್ಲಪ್ಪ. ಮೊದ್ಲು ಜೈಲಿನಾಗ ಸೇರ್ಕೊ. ಒಂದು ವರ್ಷ ತುಂಬಿಸಿದಿ ಅಂದ್ರ ಪೊಲೀಸಿಗೆ ಬದ್ಲಿ ಮಾಡ್ಸಾಕ ನಾನದೀನಿ" ಎಂದರು. ಒಂದು ವರ್ಷ ತಾನೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಳೆಯುತ್ತದೆ ಎಂದು ಒಪ್ಪಿಕೊಂಡೆ. ಜೈಲಿನಲ್ಲಿ ಒಂದು ವರ್ಷ ಹೇಗೆ ಕಳೆಯುತ್ತದೆಂದು ಕೈದಿಗಳನ್ನು ಕೇಳಬೇಕಿತ್ತು, ಕೇಳಲಿಲ್ಲ.

ನನ್ನನ್ನು ಮಕ್ತಲ್‌ನ ಸಣ್ಣ ಜೈಲಿಗೆ ದರೋಗಾ ಎಂದು ಹಾಕಿದರು. ದರೋಗಾ ಎಂದರೆ ಆ ಜೈಲಿಗೆ ನಾನೇ ದೊಡ್ಡವನು. ನನ್ನ ಕೆಳಗೆ ಲಾಲ್‌ಸಾಬ ಎಂಬ ಒಬ್ಬನೇ ಸಿಪಾಯಿ. ತಹಸೀಲು ಕಚೇರಿಯ ಹಿಂದುಗಡೆ ಎರಡು ಕೋಣೆ, ಒಂದು ಬಾವಿ, ಒಂದು ಬೇವಿನ ಮರ. ಮರದ ಕೊಂಬೆಗೆ ಕಂಚಿನ ಜಾಗಟೆ ತೂಗುಹಾಕಿತ್ತು. ತಾಸಿಗೊಮ್ಮೆ ಲಾಲ್‌ಸಾಬ ಅದನ್ನು ಬಾರಿಸಿದರೆ ಊರಿಗೆ ವೇಳೆ ಗೊತ್ತಾಗಬೇಕು. ಅವನಿಗೆ ಮೊಣಕಾಲು ನೋವಿದ್ದ ದಿನ ಮಕ್ತಲ್‌ನಲ್ಲಿ ಹನ್ನೊಂದು ಗಂಟೆಯೇ ಆಗುತ್ತಿರಲಿಲ್ಲ, ಹತ್ತಾದ ಮೇಲೆ ಹನ್ನೆರಡು. ನನ್ನ ಪೋಷಾಕಿನ ಗತಿಯೂ ಅಷ್ಟೇ. ಹಳೆ ಸರ್ಕಾರದ ಬಿಲ್ಲೆಗಳನ್ನು ಒಪ್ಪಿಸಬೇಕೆಂದು ಹುಕುಂ ಬಂತು, ಒಪ್ಪಿಸಿದೆವು. ಹೊಸ ಸರ್ಕಾರದ ಬಿಲ್ಲೆ ಬರಲಿಲ್ಲ. ಟೋಪಿಯ ಮೇಲೆ ಬಿಲ್ಲೆ ಇದ್ದ ಜಾಗದಲ್ಲಿ ಎರಡು ತೂತು ಇಟ್ಟುಕೊಂಡು ನಾನು ಸರ್ಕಾರವನ್ನು ಪ್ರತಿನಿಧಿಸುತ್ತಿದ್ದೆ.

ಜೈಲಿನವನ ಕೆಲಸವೆಂದರೆ ಏನೂ ಆಗದಂತೆ ನೋಡಿಕೊಳ್ಳುವುದು. ಏನೂ ಆಗದೆ ಇರುವುದನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತಾ ಕೂಡುವುದು ಎಷ್ಟು ದಣಿವೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹೊಲ ಉತ್ತು ಬಂದವರಿಗಿಂತ ಹೆಚ್ಚು ಸುಸ್ತಾಗಿ ಮನೆಗೆ ಹೋಗುತ್ತಿದ್ದೆ. ಕೈದಿಗಳಿಗಾದರೂ ಬಾವಿಯಿಂದ ನೀರು ಸೇದುವುದು, ಅಂಗಳ ಗುಡಿಸುವುದು ಎಂದು ಕೆಲಸವಿತ್ತು. ಒಂದೆರಡು ಸಲ ನಾನೇ ಪೊರಕೆ ಕೇಳಿ ಇಸಿದುಕೊಂಡೆ. "ಛೋಡೋ ಸಾಬ್, ದರೋಗಾ ಕಸ ಹೊಡದ್ರ ಕೈದಿಗಳಿಗೆ ಅದಬ್ ಮರ್ಯಾದಿ ಇರಂಗಿಲ್ಲ" ಎಂದು ಲಾಲ್‌ಸಾಬ ಬೈದ.

ಆ ಕೈದಿಗಳಲ್ಲಿ ಒಬ್ಬನ ಹೆಸರು ಸಾಬಣ್ಣ. ನದಿಯ ಆಚೆ ಮಲ್ದಕಲ್‌ನವನು, ಅರವತ್ತರ ಹತ್ತಿರದ ವಯಸ್ಸು. ಹಿಂದೊಮ್ಮೆ ರಾಜೋಳಿಯಲ್ಲಿ ಟಗರು ಕದ್ದು ಸಜಾ ಅನುಭವಿಸಿದ್ದ. ಈಗ ಮದ್ದೂರಿನಲ್ಲಿ ಎರಡು ಕುರಿ ಹೊಡೆದುಕೊಂಡು ಹೋಗುವಾಗ ಸಿಕ್ಕಿಬಿದ್ದಿದ್ದ. ನನಗೆ ಜೈಲಿನ ಕೆಲಸ ಕಲಿಸಿದವನು ಅವನೇ. ಮುಂಜಾನೆ ತಲೆ ಎಣಿಸುವಾಗ ಕೈದಿಗಳನ್ನು ಸಾಲಾಗಿ ನಿಲ್ಲಿಸಬಾರದು, ಕೂಡಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಹೇಳಿಕೊಟ್ಟ. ನಾನು ಬೇಸರದಲ್ಲಿ ನನ್ನ ಮದುವೆಯ ವಿಷಯವನ್ನೂ ಅವನಿಗೆ ಹೇಳಿಬಿಟ್ಟಿದ್ದೆ. ಕೈದಿ ಎಲ್ಲಿಗೂ ಎದ್ದು ಹೋಗುವ ಹಾಗಿಲ್ಲ, ಪಾಪ, ಕೇಳಲೇಬೇಕು.

ನನ್ನ ವರ್ಷ ತುಂಬಲು ಎರಡೂವರೆ ತಿಂಗಳು ಇರುವಾಗ ಆಪತ್ತು ಬಂತು. ಹೊಸ ಸರ್ಕಾರ ಒಂದೊಂದೇ ಫೈಲು ನೋಡಿ ಜನರನ್ನು ಬಿಡುತ್ತಾ ಹೋಯಿತು. ನನ್ನ ಜೈಲಿನಲ್ಲಿ ಹದಿನಾಲ್ಕು ಇದ್ದವರು ಆರಾದರು, ಆರು ಇದ್ದವರು ಮೂರಾದರು. ಕೊನೆಗೆ ಸಾಬಣ್ಣ ಒಬ್ಬನೇ ಉಳಿದ. ಅದರ ಹಿಂದೆಯೇ ಕಾಗದ ಬಂತು: ಹದಿನೈದು ದಿನ ಒಬ್ಬ ಕೈದಿಯೂ ಇಲ್ಲದ ಸಣ್ಣ ಜೈಲುಗಳನ್ನು ಮುಚ್ಚಬೇಕು, ಹಂಗಾಮಿ ನೌಕರರನ್ನು ಮನೆಗೆ ಕಳಿಸಬೇಕು. ಹಂಗಾಮಿ ನೌಕರ ಎಂದರೆ ನಾನು. ಸಾಬಣ್ಣನ ಸಜಾ ಮುಗಿಯಲು ನಾಲ್ಕು ದಿನ ಉಳಿದಿತ್ತು.

ಆಗಲೇ ನಾನು ಅವನ ಮುಂದೆ ಕೈಮುಗಿದದ್ದು. "ಸಾಬಣ್ಣ, ಇನ್ನೆರಡು ತಿಂಗಳು ಇದ್ದುಬಿಡೋ. ಊಟ ನಾನು ಮನೀಂದ ತರ್ತೀನಿ" ಎಂದೆ.

ಅವನಿಗೆ ನನ್ನ ಮೇಲೆ ನಿಜಕ್ಕೂ ಮರುಕ ಬಂತು. "ಸಜಾ ಮುಗದ ಮ್ಯಾಲ ಹ್ಯಾಂಗ ಇರಾಕ ಬರ್ತೈತ್ರಿ ದರೋಗಾ ಸಾಹೇಬ್ರ? ಕಾಯ್ದೆ ಅಂಬೋದು ಒಂದು ಐತಲ್ರಿ. ಅದೂ ಅಲ್ದ ಊರಾಗ ಶೇಂಗಾ ಕೀಳಾಕ ಬಂದೈತ್ರಿ. ಮುದುಕಿ ಒಬ್ಬಾಕಿ ಏನು ಮಾಡ್ಯಾಳು?" ಎಂದ.

ಕೈದಿಯಿಂದ ನಾನು ಕಾಯ್ದೆ ಹೇಳಿಸಿಕೊಂಡೆ. ಶುಕ್ರವಾರ ಅವನ ಧೋತರ, ಕಂಬಳಿ, ಕೋಲು ಕೊಟ್ಟು ಕಳಿಸಿದೆ. ಬೇವಿನ ಮರದವರೆಗೆ ಹೋದವನು ತಿರುಗಿ ನನ್ನ ಮುಖ ನೋಡಿದ. ಮರುದಿನದಿಂದ ನಾನೂ ಲಾಲ್‌ಸಾಬನೂ ಖಾಲಿ ಕೋಣೆಗೆ ಬೀಗ ಹಾಕಿ ಕಾಯತೊಡಗಿದೆವು. ಒಂಬತ್ತನೆಯ ದಿನ ಮಾವನಿಗೆ ಕಾಗದ ಬರೆದು ಬೇರೆ ಯಾವುದಾದರೂ ನೌಕರಿ ನೋಡಿ ಎಂದೆ. ಶಾಂತಮ್ಮನ ಮುಖ ನೆನಪು ಮಾಡಿಕೊಳ್ಳುವುದನ್ನೂ ಬಿಟ್ಟೆ.

ಹನ್ನೆರಡನೆಯ ದಿನ ಮಧ್ಯಾಹ್ನ ಸಾಬಣ್ಣ ಬಂದ. ಹರಗೋಲಿನಲ್ಲಿ ಕೃಷ್ಣೆ ದಾಟಿ, ಅಲ್ಲಿಂದ ನಡೆದು ಬಂದಿದ್ದ. ಒಂದು ಗಂಟು ಹಸಿ ಶೇಂಗಾ ನನ್ನ ಮೇಜಿನ ಮೇಲಿಟ್ಟು, "ಶೇಂಗಾ ಕಿತ್ತದ್ದಾತ್ರಿ. ಇನ್ನು ಮೂರು ತಿಂಗಳು ನನಗ ಬಿಡುವು ಐತಿ. ಒಳ್ಳೇ ಕೆಲಸ ನಿಂದ್ರಬಾರದು ನೋಡ್ರಿ" ಎಂದ. ನಾನು ಅದರ ಅರ್ಥ ಕೇಳುವುದರೊಳಗೆ ಮರದ ಹತ್ತಿರ ಹೋಗಿ ಜಾಗಟೆ ಬಿಚ್ಚಿ ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟ. ನಾನು ಕೂಗಬಹುದಿತ್ತು. ಬಾಯಿ ತುಂಬ ಶೇಂಗಾ ಇತ್ತು ಎಂದು ಮೊಮ್ಮಕ್ಕಳಿಗೆ ಹೇಳುತ್ತೇನೆ. ಶೇಂಗಾ ಇನ್ನೂ ಗಂಟಿನಲ್ಲೇ ಇತ್ತು.

ಹಾಡುಹಗಲಲ್ಲಿ, ತುಂಬಿದ ಬಜಾರಿನಲ್ಲಿ, ಅವನು ಜಾಗಟೆ ಹೊತ್ತು ನಡೆದ. "ಎಲ್ಲಿಗೆ ಒಯ್ಯಾಕ ಹತ್ತೀದಿ, ರಿಪೇರಿಗೇನು?" ಎಂದು ಕೇಳಿದವರಿಗೆಲ್ಲ, "ಕದ್ದೀನ್ರಿ" ಎಂದ. ಯಾರೂ ನಂಬಲಿಲ್ಲ. ಒಬ್ಬ ಅಂಗಡಿಯವನು ಕುಡಿಯಲು ನೀರು ಕೊಟ್ಟ. ಇನ್ನೊಬ್ಬ, ಭಾರ ಇರಬೇಕೆಂದು ತಲೆಗೆ ಸಿಂಬಿ ಸುತ್ತಿಕೊಟ್ಟ. ಹಿಡಿಯುವವರು ಯಾರೂ ಸಿಗದೆ ಕೊನೆಗೆ ತಾನೇ ಠಾಣೆಗೆ ಹೋದ. ಅಲ್ಲಿ ಠಾಣೆಗೆ ದೊಡ್ಡವರಾದ ಅಮೀನರು ಊಟ ಮಾಡಿ ಮಲಗುವ ತಯಾರಿಯಲ್ಲಿದ್ದರು. "ಹೋಗೋ, ಎಲ್ಲಿತ್ತೋ ಅಲ್ಲಿ ತೂಗ್ಹಾಕಿ ಹೋಗು" ಎಂದು ಗದರಿದರು. ಸಾಬಣ್ಣ ಹಟ ಹಿಡಿದು ಠಾಣೆಯ ಕಟ್ಟೆಯ ಮೇಲೆ ಕುಳಿತು, ಅವರಿಗೆ ನಿದ್ದೆ ಹತ್ತದಂತೆ ಜಾಗಟೆ ಬಾರಿಸತೊಡಗಿದ. ಹನ್ನೆರಡು ಮುಗಿಸಿ ಹದಿಮೂರು ಬಾರಿಸಿದಾಗ ಅಮೀನರು ಎದ್ದು ಬಂದು ದಸ್ತಗಿರಿ ಮಾಡಿದರು.

ತಹಸೀಲ್ದಾರರೇ ಮ್ಯಾಜಿಸ್ಟ್ರೇಟರು. ಜಾಗಟೆ ಜೈಲಿನದಾದ್ದರಿಂದ ನಾನು ಸಾಕ್ಷಿ. "ಇವನು ಇದನ್ನು ನಿಮಗೆ ಗೊತ್ತಿದ್ದೇ ಒಯ್ದನೇ?" ಎಂದು ಅವರು ಕೇಳಿದರು. ಹೌದು ಎಂದರೆ ಸಾಬಣ್ಣ ಅಲ್ಲಿಂದಲೇ ಊರಿಗೆ ಹೋಗುತ್ತಾನೆ, ನಾನೂ ಹೋಗುತ್ತೇನೆ. ಸಾಬಣ್ಣ ಕಟಕಟೆಯಿಂದ ನನಗೆ ಕಣ್ಣಿನಲ್ಲೇ ಧೈರ್ಯ ಹೇಳುತ್ತಿದ್ದ. "ಇಲ್ಲ ಹುಜೂರ್" ಎಂದೆ. ನನ್ನ ಧ್ವನಿ ಸ್ವಲ್ಪವೂ ನಡುಗಲಿಲ್ಲ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆ. ಹಿಂದೆ ಎರಡು ಸಜಾ ಆಗಿದ್ದರಿಂದ ಮೂರು ತಿಂಗಳು ಹಾಕಿದರು. ಸಾಬಣ್ಣ ತನ್ನ ಹಳೆಯ ಮೂಲೆಗೆ ಹೋಗಿ ಕಂಬಳಿ ಹಾಸಿದ. ನನ್ನ ವರ್ಷ ತುಂಬಿತು. ಮಾವ ಮಾತು ಉಳಿಸಿಕೊಂಡರು. ಸೀರೆ ವ್ಯಾಪಾರಿಗಳೂ ಉಳಿಸಿಕೊಂಡರು. ಶಾಂತಮ್ಮನನ್ನು ಕರೆದುಕೊಂಡು ಗದ್ವಾಲ ಠಾಣೆಗೆ ಹೋದೆ. ಟೋಪಿಯ ಮೇಲೆ ಈಗ ಹೊಸ ಬಿಲ್ಲೆ ಇತ್ತು.

ಅಲ್ಲಿ ನನಗೆ ಮೊದಲು ವಹಿಸಿದ ಕೆಲಸ ನಿಗರಾನಿ ಪಟ್ಟಿ, ಅಂದರೆ ಪೊಲೀಸರು ಕಣ್ಣಿಟ್ಟಿರಬೇಕಾದವರ ಪಟ್ಟಿ. ಮೂರು ಸಲ ಸಜಾ ಆದವರ ಹೆಸರೆಲ್ಲ ಆ ಪಟ್ಟಿಗೆ ಸೇರುತ್ತಿತ್ತು. ಎರಡು ಸಲದವರು ಸೇರುತ್ತಿರಲಿಲ್ಲ. ಸೇರಿದವರು ಪ್ರತಿ ಸೋಮವಾರ ಠಾಣೆಗೆ ಬಂದು ಹೆಬ್ಬೆಟ್ಟು ಒತ್ತಬೇಕು, ಸಾಯುವ ತನಕ. ಮೊದಲನೆಯ ಸೋಮವಾರವೇ ಸಾಬಣ್ಣ ಮಲ್ದಕಲ್‌ನಿಂದ ನಡೆದು ಬಂದು ಸಾಲಿನ ಕೊನೆಗೆ ನಿಂತಿದ್ದ. ನನ್ನನ್ನು ಕಂಡು ಅವನ ಮುಖ ಅರಳಿತು. "ಮದಿವಿ ಆತೇನ್ರಿ ಸಾಹೇಬ್ರ?" ಎಂದ. ಆಯಿತು ಎಂದೆ. ಅವನ ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ.

ಹೆಸರು ತೆಗೆಸಬಹುದಿತ್ತು. ಮೂರನೆಯ ಕಳವು ಹೇಗಾಯಿತೆಂದು ಒಂದು ಅರ್ಜಿ ಬರೆದರೆ ಸಾಕಿತ್ತು. ನೌಕರಿ ಕಾಯಂ ಆಗಲಿ, ಆಮೇಲೆ ಬರೆಯುತ್ತೇನೆ ಎಂದುಕೊಂಡೆ. ಕಾಯಂ ಆಯಿತು. ಮಗು ಹುಟ್ಟಲಿ ಎಂದುಕೊಂಡೆ. ಬಡ್ತಿ ಬರಲಿ ಎಂದುಕೊಂಡೆ. ಒಂದು ಸೋಮವಾರ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ ಸಾಬಣ್ಣ, ಪಟ್ಟಿಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ಸಾಹೇಬ್ರ, ಟಗರು ನಂದು, ಕುರಿ ನಂದು. ಜಾಗಟಿ ಮಾತ್ರ ನಿಮ್ಮದ್ರಿ. ಅದರ ಹೆಬ್ಬೆಟ್ಟು ಒಂದು ನೀವಽ ಒತ್ತಿಬಿಡ್ರಿ." ಹೇಳಿ ತಾನೇ ನಕ್ಕ. ನನಗೂ ನಗು ಬಂದ ಹಾಗೆ ಮಾಡಬೇಕಾಯಿತು. ಅವನ ಕೈ ಹಿಡಿದು ಎಂದಿನಂತೆ ಒತ್ತಿಸಿದೆ. ಅವತ್ತು ಸಂಜೆ ಊಟಕ್ಕೆ ಕೂತಾಗ ಶಾಂತಮ್ಮ, "ಸೋಮವಾರ ಬಂತಂದ್ರ ನಿಮ್ಮ ಹೆಬ್ಬೆಟ್ಟಿಗೂ ಮಸಿ ಆಗಿರ್ತೈತಲ್ರಿ" ಎಂದು ಹುಣಸೆಹಣ್ಣು ತಂದು ತಿಕ್ಕಿದಳು. ಮುಂದೆ ಎರಡು ವರ್ಷ ಸಾಬಣ್ಣ ಬಂದ. ಆಮೇಲೆ ಒಂದು ಸೋಮವಾರ ಬರಲಿಲ್ಲ. ಅವನ ಹೆಸರಿನ ಮೇಲೆ ಗೆರೆ ಎಳೆದವನು ನಾನೇ. ಅದಕ್ಕೆ ಅರ್ಜಿಯೇನೂ ಬೇಕಾಗಲಿಲ್ಲ.

ಮೊಮ್ಮಕ್ಕಳಿಗೆ ಈ ಕತೆ ಬಲು ಇಷ್ಟ. ನಾನು ಅದನ್ನು ಯಾವಾಗಲೂ ಹದಿಮೂರನೆಯ ಏಟಿಗೆ ನಿಲ್ಲಿಸುತ್ತೇನೆ. ಅವು ಹೊಟ್ಟೆ ಹಿಡಿದುಕೊಂಡು ನಗುತ್ತವೆ. ಅವುಗಳಲ್ಲಿ ಸಣ್ಣವಳಿಗೆ ಮಾತ್ರ ಸಮಾಧಾನವಿಲ್ಲ. "ಆ ಕಳ್ಳ ಆಮ್ಯಾಲ ಏನಾದ ತಾತಾ?" ಎಂದು ಪ್ರತಿ ಸಲ ಕೇಳುತ್ತಾಳೆ.

"ಪೊಲೀಸ್ ಆದ" ಎನ್ನುತ್ತೇನೆ. ಅವು ಇನ್ನೂ ಜೋರಾಗಿ ನಗುತ್ತವೆ.