ಗಾಯರಾಣಕ್ಕೆ ಬಂದ ಸಮುದ್ರ

ಕೊಪ್ಪಳದ ಸರ್ಕಾರಿ ಕಚೇರಿಗಳ ಎದುರಿಗೆ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಮನವಿ, ಆಕ್ಷೇಪಣೆ, ಮೇಲ್ಮನವಿ ಇವೇ ನನ್ನ ಹೊಟ್ಟೆಪಾಡು. ಒಂದು ಕಡೆ ಗಾಳಿ ಯಂತ್ರ, ಒಂದು ಕಡೆ ಸೋಲಾರ್, ಇನ್ನೊಂದು ಕಡೆ ಕಾರ್ಖಾನೆ. ಎಲ್ಲರ ಕಣ್ಣೂ ನಮ್ಮ ಜಿಲ್ಲೆಯ ನೆಲದ ಮೇಲೆ. ಹಾಗಾಗಿ ನಗು ಬರಿಸುವ ಸಂಗತಿಗಳಿಗೆ ನನ್ನ ಅಂಗಡಿಯಲ್ಲಿ ಎಂದೂ ಬರವಿಲ್ಲ.

ಆದರೆ ಈಗ ಹೇಳುವುದು ಗಿರಾಕಿಗಳ ಸುದ್ದಿಯಲ್ಲ, ನಮ್ಮೂರಿನದು, ನಮ್ಮ ದೊಡ್ಡವ್ವನದು. ಊರ ಪಕ್ಕದ ಕಾರ್ಖಾನೆಯವರು ಅದನ್ನು ಇನ್ನಷ್ಟು ದೊಡ್ಡದು ಮಾಡಲು ನಮ್ಮ ಗಾಯರಾಣ ಕೇಳಿದರು. ಗಾಯರಾಣವೆಂದರೆ ಊರ ದನ, ಕುರಿ, ಆಡು ಮೇಯಲು ಬಿಟ್ಟ ಸರ್ಕಾರಿ ಜಾಗ. ಅದು ಹೋದರೆ ದೊಡ್ಡವ್ವ ತನ್ನ ಆಡುಗಳನ್ನೆಲ್ಲ ಸಂತೆಗೆ ಹೊಡೆಯಬೇಕು. "ಹೊಡೆಯೂದಿಲ್ಲ" ಎಂದು ಆಕೆ ಮೊದಲ ದಿನವೇ ಹೇಳಿಬಿಟ್ಟಳು. ಸರ್ಕಾರದ ತೀರ್ಮಾನ ಇನ್ನೂ ಬಂದಿಲ್ಲ. ದೊಡ್ಡವ್ವನ ತೀರ್ಮಾನ ಬದಲಾಗಿಲ್ಲ.

೧. ಸಮುದ್ರ

ಕಾರ್ಖಾನೆಯಿಂದ ಪರಿಸರಕ್ಕೆ ಏನೇನಾಗುತ್ತದೆ ಎಂದು ಕಂಪನಿಯೇ ಒಂದು ವರದಿ ಬರೆಸಿ ಪಂಚಾಯಿತಿಗೆ ಕಳಿಸಿತ್ತು. ಊರವರೆಲ್ಲ ಕಟ್ಟೆಯ ಮೇಲೆ ಕೂತರು, ಓದುವ ಕೆಲಸ ನನಗೆ ಬಂತು. ಅರ್ಧ ಓದಿದ ಮೇಲೆ ಒಂದು ಸಾಲು ಸಿಕ್ಕಿತು: "ಈ ಯೋಜನೆಯಿಂದ ಸಮುದ್ರದ ಮೀನುಗಾರರಿಗೆ ಯಾವುದೇ ತೊಂದರೆಯಾಗುವುದಿಲ್ಲ. ದೋಣಿ ನಿಲ್ಲಿಸುವ ಸ್ಥಳವನ್ನು ಹಾಗೆಯೇ ಉಳಿಸಲಾಗುವುದು."

ಯಾವುದೋ ಕರಾವಳಿಯ ವರದಿಯನ್ನು ಹಾಗೇ ಎತ್ತಿ ಇಳಿಸಿದ್ದಾರೆಂದು ನನಗೆ ಗೊತ್ತಾಯಿತು. ದೊಡ್ಡವ್ವ ಮಾತ್ರ ಗಂಭೀರವಾಗಿ ಕೇಳಿದಳು: "ಸಮುದ್ರ ಎಲ್ಲಿ ಕೊಡ್ತಾರಂತ? ಕೊಡೂದಾದ್ರ ಬ್ಯಾಡನ್ನಬ್ಯಾಡ್ರಿ. ಮುನಿರಾಬಾದ್ ಡ್ಯಾಮಿನ ನೀರರ ನಮಗ ಎಲ್ಲಿ ಬಂತು?"

ಪಂಚಾಯಿತಿ ಸದಸ್ಯರು ಕಂಪನಿಗೆ ಫೋನ್ ಹಚ್ಚಿದರು. ಆ ಕಡೆಯಿಂದ, "ಅದೊಂದು ಟೈಪಿಂಗ್ ತಪ್ಪು ಸರ್" ಎಂಬ ಉತ್ತರ ಬಂತು. ನನಗೆ ರೇಗಿತು. ತಲೆ ಬೆಳ್ಳಗಾಗುವ ತನಕ ಟೈಪ್ ಮಾಡಿದ್ದೇನೆ. ಒತ್ತು ಬಿಟ್ಟಿದ್ದೇನೆ, ದೀರ್ಘ ಬಿಟ್ಟಿದ್ದೇನೆ, ಒಮ್ಮೆ ಗಂಡನ ಹೆಸರಿನ ಜಾಗದಲ್ಲಿ ಮಾವನ ಹೆಸರೂ ಹೊಡೆದಿದ್ದೇನೆ. ಆದರೆ ಕೈತಪ್ಪಿ ಒಂದು ಸಮುದ್ರವನ್ನು ಎಂದೂ ಟೈಪ್ ಮಾಡಿಲ್ಲ.

೨. ಝಳಕ ಮಾಡಿದ ಎತ್ತುಗಳು

ಅದೇ ವರದಿಯಲ್ಲಿ, "ಸದರಿ ಜಮೀನಿನಲ್ಲಿ ಜಾನುವಾರುಗಳು ಮೇಯುತ್ತಿಲ್ಲ" ಎಂದೂ ಇತ್ತು. ನಾವು ಆಕ್ಷೇಪಣೆ ಹಾಕಿದೆವು. ಸ್ಥಳ ನೋಡಲು ಒಬ್ಬ ಸಾಹೇಬರು ಬರುತ್ತಾರೆಂದು ಪತ್ರ ಬಂತು.

ನಮ್ಮೂರ ದನಗಳಷ್ಟೇ ಸಾಕಿತ್ತು. ಆದರೆ ದೊಡ್ಡವ್ವನಿಗೆ ಧೈರ್ಯ ಸಾಲಲಿಲ್ಲ. ಯಲಬುರ್ಗಾದ ಬೀಗರಿಗೆ ಹೇಳಿ ಕಳಿಸಿದಳು, ತಾವರಗೇರಾದ ತಮ್ಮನಿಗೆ ಫೋನ್ ಮಾಡಿಸಿದಳು. ಆ ದಿನ ಟಂಟಂ ಗಾಡಿಗಳಲ್ಲಿ ಕುರಿಗಳು ಬಂದಿಳಿದವು. ಸಾಹೇಬರ ಜೀಪು ಅರ್ಧ ದಾರಿಯಲ್ಲೇ ಕುರಿಗಳ ನಡುವೆ ನಿಂತುಬಿಟ್ಟಿತು.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಓಣಿಯ ಒಬ್ಬ ಯಜಮಾನರು ತಮ್ಮ ಜೋಡೆತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಬೆನ್ನ ಮೇಲೆ ಝೂಲ ಹೊದಿಸಿ ತಂದಿದ್ದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, "ಇವು ಮೇಯಾಕ ಬಂದಾವೋ, ಮೆರವಣಿಗಿಗೆ ಬಂದಾವೋ?" ಎಂದರು.

"ಸಾಹೇಬ್ರು ಬರ್ತಾರಂದ್ರಿ. ಝಳಕ ಮಾಡಸದ ಹ್ಯಾಂಗ ತರೂದ್ರಿ?" ಎಂದರು ಯಜಮಾನರು.

ಸಾಹೇಬರು ನಗಲಿಲ್ಲ. ಸುತ್ತ ನೋಡಿ, "ಇಷ್ಟು ಜಾನುವಾರುಗಳಿಗೆ ಈ ಭೂಮಿ ಸಾಲುವುದಿಲ್ಲ" ಎಂದು ಬರೆದುಕೊಂಡರು. ಜೊತೆಗೆ ಬಂದಿದ್ದ ಕಂಪನಿಯವರ ಮುಖ ಅರಳಿತು. ಸಾಲದ ಗಾಯರಾಣ ಇದ್ದರೆಷ್ಟು, ಬಿಟ್ಟರೆಷ್ಟು ಎಂಬ ವಾದ ಅವರಿಗೆ ಸಿಕ್ಕಿತ್ತು. ನಾವೇ ಕೈಯಾರೆ ಕೆಡಿಸಿಕೊಂಡೆವಲ್ಲ ಎಂದುಕೊಂಡೆ.

ದೊಡ್ಡವ್ವ ಮುಂದೆ ಬಂದಳು. "ಖರೇ ಬರದ್ರಿ ನೋಡ್ರಿ. ಸಾಲೂದಿಲ್ಲ. ಅದಕ್ಕ ಆ ಕಾರ್ಖಾನಿ ಕಂಪೌಂಡಿನೊಳಗಿನ ಜಾಗಾನೂ ನಮ್ಮ ಗಾಯರಾಣಕ್ಕ ಸೇರಸ್ರಿ. ಕೆಳಗ ಅದನ್ನೂ ಬರೀರಿ."

೩. ಹಸಿರು ಪಟ್ಟಿ

ಅದೇ ದಿನ ಕಂಪನಿಯವರು ಸಾಹೇಬರನ್ನು ತಮ್ಮ ಹಸಿರು ಪಟ್ಟಿ ನೋಡಲು ಕರೆದೊಯ್ದರು. ಕಾರ್ಖಾನೆಯ ಸುತ್ತ ಗಿಡ ಬೆಳೆಸುತ್ತೇವೆಂದು ಹಿಂದೆಯೇ ಮಾತು ಕೊಟ್ಟಿದ್ದರಂತೆ. ನಿನ್ನೆಯವರೆಗೂ ಬೋಳಾಗಿದ್ದ ಗೋಡೆಯ ಬದಿಗೆ ಇಂದು ಸಾಲಾಗಿ ಬೇವಿನ ಗಿಡ ನಿಂತಿದ್ದವು. ದೊಡ್ಡವ್ವನ ಹೋತ ಎಲ್ಲರಿಗಿಂತ ಮೊದಲು ಹೋಗಿ ಒಂದಕ್ಕೆ ಬಾಯಿ ಹಾಕಿ ಎಳೆಯಿತು. ಗಿಡ ಸಲೀಸಾಗಿ ಮೇಲೆ ಬಂತು. ಬೇರು ಇರಲಿಲ್ಲ, ಕೊಡಲಿಯಿಂದ ಕಡಿದ ಟೊಂಗೆ ಅದು.

"ಯಾರದಿದು ಹೋತ? ನಮ್ಮ ಗಿಡ ತಿಂತು!" ಎಂದು ಕಂಪನಿಯ ಮೇಲ್ವಿಚಾರಕ ಚೀರಿದ.

"ತಿಂದಿಲ್ಲಪ, ಎತ್ತಿ ತೋರಿಸೇತಿ" ಎಂದಳು ದೊಡ್ಡವ್ವ.

೪. ಉಡಿ

ಕೊನೆಗೆ ಅಹವಾಲು ಸಭೆ ಬಂತು. ಊರವರು ಹೇಳಿದ್ದನ್ನೆಲ್ಲ ಬರೆದುಕೊಂಡು ಸರ್ಕಾರಕ್ಕೆ ಕಳಿಸುವ ಸಭೆ ಅದು. ಅಲ್ಲಿ ದಾಖಲಾಗದಿದ್ದರೆ ನಮ್ಮ ಮಾತು ಇಲ್ಲದಂತೆಯೇ. ಗಾಯರಾಣದ ಅಂಚಿನಲ್ಲೇ ಪೆಂಡಾಲು. ಫ್ಯಾನು, ನೀರಿನ ಬಾಟಲಿ, ಊಟ ಎಲ್ಲ ಕಂಪನಿಯದೇ. ಅಧ್ಯಕ್ಷತೆಗೆ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು.

ಮುತ್ತೈದೆ ಮೊದಲ ಸಲ ಊರಿಗೆ ಬಂದರೆ ಉಡಿ ತುಂಬದೆ ಕಳಿಸುವುದು ನಮ್ಮಲ್ಲಿಲ್ಲ. ದೊಡ್ಡವ್ವ ಬೆಳಿಗ್ಗೆಯೇ ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಆಕೆಯ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಅಷ್ಟರಲ್ಲಿ ಕಂಪನಿಯ ಅಧಿಕಾರಿ, "ನಮ್ಮ ಕಾರ್ಖಾನೆಯ ಧೂಳು ಗೋಡೆ ದಾಟುವುದೇ ಇಲ್ಲ" ಎಂದು ಭಾಷಣ ಮುಗಿಸಿ ಕೂತಿದ್ದರು.

ದೊಡ್ಡವ್ವ ವೇದಿಕೆ ಹತ್ತಿ ಹರಿವಾಣ ಮುಂದೆ ಹಿಡಿದಳು. ಹಿಡಿದವಳು ಅಕ್ಕಿ ನೋಡಿ ಗಾಬರಿಯಾದಳು. ಅಕ್ಕಿಯ ಮೇಲೆ ಕರಿ ಪುಡಿ ಕೂತಿತ್ತು. ನಾಚಿಕೆಯಿಂದ ಆಕೆಯ ಮುಖ ಸಣ್ಣದಾಯಿತು. "ತಡೀ ಯವ್ವಾ, ಬ್ಯಾರೆ ಅಕ್ಕಿ ತರತೀನಿ. ಮುಂಜಾನಿ ಬೆಳ್ಳಗಿದ್ವು" ಎನ್ನುತ್ತಾ ಸೆರಗಿನಿಂದ ಒರೆಸತೊಡಗಿದಳು. ನಾನು ಆ ಹೊತ್ತಿಗೆ ನಗಲಿಲ್ಲ. ಇಷ್ಟು ವರ್ಷ ನಾನು ಟೈಪ್ ಮಾಡಿದ ಆಕ್ಷೇಪಣೆಗಳಲ್ಲಿ ಒಂದೂ ಆ ಹರಿವಾಣದಷ್ಟು ಸ್ಪಷ್ಟವಾಗಿರಲಿಲ್ಲ.

ಕಂಪನಿಯ ಅಧಿಕಾರಿ ಎದ್ದು ನಿಂತರು. "ಮೇಡಂ, ಸಭೆಯಲ್ಲೇ ಅಧಿಕಾರಿಗೆ ಆಮಿಷ ಒಡ್ಡುತ್ತಿದ್ದಾರೆ. ನಮ್ಮ ಆಕ್ಷೇಪಣೆ ದಾಖಲಾಗಬೇಕು!"

ಮೇಡಂ ತಲೆಯ ಮೇಲೆ ತಿರುಗುತ್ತಿದ್ದ ಕಂಪನಿಯ ಫ್ಯಾನು ನೋಡಿದರು, ಹರಿವಾಣ ನೋಡಿದರು. "ಆಗಲಿ. ಬರ್ಕೊಳ್ರಿ" ಎಂದು ಗುಮಾಸ್ತನಿಗೆ ಹೇಳಿದರು. "ಆಮಿಷವೆಂದು ಆಕ್ಷೇಪಿಸಲಾದ ವಸ್ತುಗಳು: ತೆಂಗಿನಕಾಯಿ ಒಂದು, ಖಣ ಒಂದು, ಅಕ್ಕಿ ಒಂದು ಸೇರು."

"ಅಕ್ಕಿ ಹ್ಯಾಂಗದಾವ ಅಂತ ಬರೀಲ್ರಿ?" ಎಂದ ಗುಮಾಸ್ತ.

"ಕಂಡಂಗ ಬರೀರಿ."

ಗುಮಾಸ್ತ ಬಗ್ಗಿ, ಬೆರಳಿಂದ ಅಕ್ಕಿ ಸರಿಸಿ ನೋಡಿ ಬರೆದ: "ಮೇಲೆ ಕಪ್ಪು, ಕೆಳಗೆ ಬಿಳಿ."

"ಆಕ್ಷೇಪಣೆ ನಿಮ್ಮದಲ್ರೀ? ಸಹಿ ಹಾಕ್ರಿ" ಎಂದು ಮೇಡಂ ಕಾಗದವನ್ನು ಕಂಪನಿಯ ಅಧಿಕಾರಿಯ ಮುಂದೆ ಸರಿಸಿದರು. ಅವರು ಓದಿ, ಇನ್ನೊಮ್ಮೆ ಓದಿ, ಬೆವರು ಒರೆಸಿಕೊಂಡು ಸಹಿ ಹಾಕಿದರು. ಧೂಳಿನ ಬಗ್ಗೆ ಆ ದಿನದ ಅತಿ ಗಟ್ಟಿ ದಾಖಲೆ ಕಂಪನಿಯ ಸಹಿಯಲ್ಲೇ ಸಿದ್ಧವಾಯಿತು.

"ಇದು ಈಗ ದಾಖಲಿ ಆತು, ನಾ ತಗೊಳ್ಳಂಗಿಲ್ಲ ಯವ್ವಾ" ಎಂದರು ಮೇಡಂ.

"ತಗೋಬ್ಯಾಡ. ಗಾಯರಾಣ ಉಳದ ಮ್ಯಾಲೆ ಬಾ, ತುಂಬತೀನಿ" ಎಂದಳು ದೊಡ್ಡವ್ವ. ವೇದಿಕೆ ಇಳಿಯುವಾಗ ಕಂಪನಿಯ ಅಧಿಕಾರಿಯ ಮುಂದೆ ನಿಂತಳು. ಸಿಟ್ಟಿರಲಿಲ್ಲ, ಬೀಗರಿಗೆ ಹೇಳುವ ದನಿಯಲ್ಲೇ ಹೇಳಿದಳು:

"ನೀನೂ ಹೇಂತೀನ ಕರಕೊಂಡ ಬಾರಪ, ಅಕಿಗೂ ಉಡಿ ತುಂಬತೀನಿ. ಆದ್ರ ಬರೂ ದಿನ ಕಾರ್ಖಾನಿ ಬಂದ್ ಮಾಡಿ ಬಾ. ನಿನ್ನ ಹೇಂತಿಗೆ ಕರೇ ಅಕ್ಕಿ ತುಂಬಾಕ ನನಗ ಮನಸ್ಸು ಬರೂದಿಲ್ಲ."