ಡಬ್ಬಿ ವ್ರತದ ಉದ್ಯಾಪನೆ

ಮನೆಯಲ್ಲಿ ಒಬ್ಬರು ತೆಳ್ಳಗಾಗಲು ಹೊರಟರೆ ಉಳಿದವರಿಗೆ ನಗುವುದೇ ಒಂದು ಕೆಲಸವಾಗುತ್ತದೆ. ಅರವತ್ತರ ದಶಕದಲ್ಲಿ ನಾವು ಜಯನಗರಕ್ಕೆ ಬಾಡಿಗೆಗೆ ಬಂದ ಹೊಸತರಲ್ಲಿ ಇವರು ಹಾಗೆ ಹೊರಟರು. ಇವರು ಅಂದರೆ ನಮ್ಮ ಯಜಮಾನರು. ಆಗ ಗಂಡನ ಹೆಸರು ಹೇಳುವ ಪದ್ಧತಿ ಇರಲಿಲ್ಲ. ಈಗ ಹೇಳೋಣವೆಂದರೆ ನಾಲಗೆ ಹೊರಳುವುದಿಲ್ಲ.

೧. ಡಬ್ಬಿಯ ಹುಡುಗಿ

ಇವರ ಫ್ಯಾಕ್ಟರಿಯಿಂದ ಒಬ್ಬರನ್ನು ತರಬೇತಿಗೆ ಜರ್ಮನಿಗೆ ಕಳಿಸುವುದೆಂದಾಯಿತು. ಹೆಸರು ಇವರದೇ ಬಂತು. ಆದರೆ ಫ್ಯಾಕ್ಟರಿ ಡಾಕ್ಟರು ಇವರನ್ನು ತೂಕದ ಯಂತ್ರ ಹತ್ತಿಸಿ, ಮುಳ್ಳು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರಂತೆ. ಮೂರು ತಿಂಗಳಲ್ಲಿ ಇಪ್ಪತ್ತು ಪೌಂಡು ಇಳಿದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಪಕ್ಕದ ಮೇಜಿನವರು ಹೋಗುತ್ತಾರೆ ಎಂದುಬಿಟ್ಟರು. ಪಕ್ಕದ ಮೇಜಿನವರು ಕಡ್ಡಿ ಪೈಲ್ವಾನರು. ಇಳಿಸಲು ಅವರ ಹತ್ತಿರ ಏನೂ ಇರಲಿಲ್ಲ.

ಉಪಾಯವನ್ನೂ ಡಾಕ್ಟರೇ ಹೇಳಿಕೊಟ್ಟರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಅಂಗಡಿಯಲ್ಲಿ ಪರದೇಶದ ಡಬ್ಬಿ ಸಿಗುತ್ತದೆ, ಅದರೊಳಗಿನ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದರೆ ಅದೇ ಊಟ, ಬೇರೇನೂ ತಿನ್ನಬಾರದು. ಇವರು ಒಂದು ಚೀಲದ ತುಂಬ ಡಬ್ಬಿ ಹೊತ್ತು ತಂದರು. ಪ್ರತಿ ಡಬ್ಬಿಯ ಮೇಲೂ ಒಬ್ಬಳು ಬಿಳಿ ಹುಡುಗಿಯ ಚಿತ್ರ, ಸೊಂಟ ಒಂದು ಹಿಡಿ.

ನಮ್ಮ ಅತ್ತೆ ಡಬ್ಬಿಯನ್ನು ಕಿಟಕಿಯ ಹತ್ತಿರ ಒಯ್ದು ಪರೀಕ್ಷೆ ಮಾಡಿದರು. ಇದರಲ್ಲಿ ಮೊಟ್ಟೆ ಇದೆಯೋ ಎಂದು ಕೇಳಿದರು. ಇವರು ಇಂಗ್ಲಿಷಿನಲ್ಲಿದ್ದದ್ದನ್ನೆಲ್ಲ ಓದಿ ಇಲ್ಲವೆಂದರು. ಹಾಗಾದರೆ ಈ ಹುಡುಗಿ ಯಾಕಿದ್ದಾಳೆ ಎಂದರು. ಮೂರು ಹೊತ್ತೂ ಇದನ್ನೇ ಕುಡಿದು ಹೀಗಾಗಿದ್ದಾಳೆ ಎಂದು ಇವರು ಹೆಮ್ಮೆಯಿಂದ ಹೇಳಿದರು.

"ಅಯ್ಯೋ ಪಾಪ," ಎಂದರು ಅತ್ತೆ. "ಹೆತ್ತವರು ಯಾರೂ ಇಲ್ವೇನೋ."

೨. ಅನ್ನ ಮುಟ್ಟದ ಉಪವಾಸ

ಅತ್ತೆಗೆ ಸೋಮವಾರ ಉಪವಾಸ. ಉಪವಾಸವೆಂದರೆ ಅನ್ನ ಮುಟ್ಟುವಂತಿಲ್ಲ, ಅಷ್ಟೇ. ಉಪ್ಪಿಟ್ಟು, ದೋಸೆ, ಹಾಲು ಬೆಲ್ಲ ಹಾಕಿದ ಅವಲಕ್ಕಿ, ಬಾಳೆಹಣ್ಣು, ಇವೆಲ್ಲ ಫಲಾಹಾರದ ಲೆಕ್ಕ. ದೋಸೆಯಲ್ಲಿ ಅಕ್ಕಿ ಇರುತ್ತದಲ್ಲ ಎಂದು ಮದುವೆಯಾದ ಹೊಸತರಲ್ಲಿ ಕೇಳಿ ಬೈಸಿಕೊಂಡಿದ್ದೆ. ನಮ್ಮ ಮನೆಯಲ್ಲಿ ತುಪ್ಪ ಅತಿ ಹೆಚ್ಚು ಖರ್ಚಾಗುತ್ತಿದ್ದದ್ದು ಉಪವಾಸದ ದಿನವೇ.

ಡಬ್ಬಿಯೂ ಒಂದು ವ್ರತ ಎಂದು ಅತ್ತೆ ತೀರ್ಮಾನ ಮಾಡಿದರು. ಇವರು ಬೆಳಿಗ್ಗೆ ಸ್ನಾನ ಮಾಡಿ, ಮೂಗು ಹಿಡಿದುಕೊಂಡು ಒಂದು ಲೋಟ ಕುಡಿಯುವುದು, ಹಿಂದೆಯೇ ಅತ್ತೆ ಒಂದು ತಟ್ಟೆ ಉಪ್ಪಿಟ್ಟು ತರುವುದು. ಡಾಕ್ಟರು ಬೇರೇನೂ ತಿನ್ನಬಾರದು ಅಂದಿದ್ದಾರಲ್ಲ ಎಂದು ನಾನು ನೆನಪಿಸಿದರೆ, ಬೇರೇನೂ ಅಂದರೆ ಅನ್ನ ಎಂದು ತಾಯಿ ಮಗ ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು.

ಭಾನುವಾರ ಭಾನುವಾರ ಇವರು ಸಿಟಿ ಸ್ಟೇಷನ್ನಿಗೆ ಹೋಗಿ ತೂಕ ನೋಡಿಕೊಂಡು ಬರುತ್ತಿದ್ದರು. ಅಲ್ಲಿಯ ಯಂತ್ರಕ್ಕೆ ಕಾಸು ಹಾಕಿದರೆ ಒಂದು ಚೀಟಿ ಬೀಳುತ್ತಿತ್ತು, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಒಂದು ಭಾನುವಾರ ಎಷ್ಟಿಳಿಯಿತು ಎಂದು ಕೇಳಿದೆ. ನಿಮ್ಮ ಪ್ರಯತ್ನಕ್ಕೆ ಜಯವಿದೆ ಎಂದು ಬಂದಿದೆ ಅಂದರು. ಚೀಟಿ ತಿರುಗಿಸಿ ಎಂದೆ. ಆ ಕಡೆ ಸರಿಯಾಗಿ ಅಚ್ಚಾಗಿಲ್ಲ ಎಂದರು.

ಕಿತ್ತುಕೊಂಡು ನೋಡಿದೆ. ಚೆನ್ನಾಗಿಯೇ ಅಚ್ಚಾಗಿತ್ತು. ಇವರು ಪ್ರಯತ್ನಪಟ್ಟು ಎರಡು ಪೌಂಡು ಏರಿದ್ದರು.

೩. ಕರುವಿನ ತೀರ್ಪು

ಅವತ್ತೇ ಅಡುಗೆಮನೆಯ ಆಡಳಿತ ನಾನು ತೆಗೆದುಕೊಂಡೆ. ಇವರು ಹುಟ್ಟಿದ ಮೇಲೆ ಮದರಾಸು ದಾಟಿದವರಲ್ಲ. ಜರ್ಮನಿಯ ಭೂಪಟ ಬಿಡಿಸಿಕೊಂಡು ಕೂತು, ಓದಲು ಬಾರದ ಊರುಗಳ ಮೇಲೆ ಬೆರಳಾಡಿಸುತ್ತಿದ್ದರು. ರವೆ, ಅವಲಕ್ಕಿ, ಬೆಲ್ಲ ಎಲ್ಲವನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಇವರಿಗೆ ಬಿಡಲು ಧೈರ್ಯವಿರಲಿಲ್ಲ.

ಬೀದಿಯಲ್ಲಿ ಸುದ್ದಿಯಾಯಿತು. ಗಂಡ ಇಳಿದರೆ ಹೆಂಡತಿಗೆ ಕೆಟ್ಟ ಹೆಸರು ಬರುವ ಕಾಲ ಅದು. ಕೆಲವರು ಇವರಿಗೆ ಸಕ್ಕರೆ ಕಾಯಿಲೆ ಎಂದರು, ಉಳಿದವರು ನನ್ನ ಅಡುಗೆ ಎಂದರು. ನಮ್ಮ ಬಾಡಿಗೆ ಮನೆಯ ಒಡತಿಗಂತೂ ತಡೆಯಲಾಗಲಿಲ್ಲ. ಅವರು ಬಡಾವಣೆಗೂ ಮೊದಲು ಇಲ್ಲಿದ್ದ ಹಳೇ ಊರಿನವರು. ಹೊಲವೆಲ್ಲ ಸೈಟುಗಳಾದ ಮೇಲೂ ಹಿತ್ತಲಲ್ಲಿ ಹಸು ಕಟ್ಟಿದ್ದರು. ಇವರು ಹಿತ್ತಲ ಕಟ್ಟೆಯ ಮೇಲೆ ಕೂತು ಲೋಟ ಖಾಲಿ ಮಾಡುವುದನ್ನು ದಿನಾ ನೋಡಿ ನೋಡಿ, ಒಂದು ಮಧ್ಯಾಹ್ನ ಮುದ್ದೆ, ಹುರುಳಿ ಸಾರು ತಂದೇಬಿಟ್ಟರು. ಕರುವಿಗೆ ಕಲಸುವಂತೆ ಗಂಡನಿಗೆ ಹಿಟ್ಟು ಕಲಸಿ ಕೊಡುತ್ತೀಯಲ್ಲ ಎಂದು ನನಗೆ ಬುದ್ಧಿ ಹೇಳಿದರು. ಮುದ್ದೆ ಅನ್ನವಲ್ಲ ಎಂಬ ಅರ್ಥದಲ್ಲಿ ಇವರು ನನ್ನ ಮುಖ ನೋಡಿದರು. ನಾನು ತಟ್ಟೆ ಹಿಂದಕ್ಕೆ ಕೊಟ್ಟೆ. ಆಕೆ ಬೇಜಾರು ಮಾಡಿಕೊಳ್ಳದೆ, ಅಂಥದ್ದೇನಿದೆ ನೋಡೋಣ ಎಂದು ಒಂದು ಹಿಡಿ ಪುಡಿ ಕೇಳಿ ತೆಗೆದುಕೊಂಡು ಹೋದರು.

ಮಾರನೆಯ ದಿನ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ನಮ್ಮ ಕರುಗೆ ಕಲಸಿಟ್ಟು ನೋಡ್ದೆ ಕಣವ್ವ. ಮೂಸಿ ಮುಖ ತಿರುಗಿಸ್ಬಿಡ್ತು. ನಿಮ್ಮ ಯಜಮಾನ್ರು ಬಲು ಒಳ್ಳೇರು."

೪. ಉದ್ಯಾಪನೆ

ಒಳ್ಳೆಯವರು ಇಳಿಯತೊಡಗಿದರು. ಪ್ಯಾಂಟು ಜಾರತೊಡಗಿತು, ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಟ್ಟೆ. ಪರೀಕ್ಷೆಗೆ ಎರಡು ದಿನ ಇರುವಾಗ, ಶನಿವಾರವೇ, ಸ್ಟೇಷನ್ನಿನ ಚೀಟಿಯಲ್ಲಿ ಡಾಕ್ಟರು ಹೇಳಿದ ತೂಕ ಸರಿಯಾಗಿ ಬಂತು. ಒಂದು ಪೌಂಡು ಹೆಚ್ಚಿಲ್ಲ, ಕಡಿಮೆಯಿಲ್ಲ.

ಆಗ ಅತ್ತೆ ಬಾಯಿ ಬಿಟ್ಟರು. ವ್ರತ ಮುಗಿದ ಮೇಲೆ ಉದ್ಯಾಪನೆ ಆಗಬೇಕು. ಪರೀಕ್ಷೆ ಕಳೆಯಲಿ, ಆಮೇಲೆ ಮಾಡೋಣ ಎಂದು ಬೇಡಿಕೊಂಡೆ.

"ಉದ್ಯಾಪನೆ ಇಲ್ದೆ ಫಲ ಕೇಳೋಕ್ಕೆ ಹೋದ್ರೆ, ಅದು ಪಕ್ಕದವರಿಗೆ ಹೋಗುತ್ತೆ ಕಣೇ," ಎಂದರು ಅತ್ತೆ.

ಇವರಿಗೆ ಪಕ್ಕದ ಮೇಜು ಕಣ್ಣ ಮುಂದೆ ಬಂತು. ಆಗಲಿ ಎಂದುಬಿಟ್ಟರು. ವ್ರತ ಹೇಳಿಕೊಟ್ಟವರನ್ನು ದಂಪತಿ ಸಮೇತ ಕರೆದು ಊಟ ಹಾಕಬೇಕಾದದ್ದು ಕ್ರಮ. ಹೇಳಿಕೊಟ್ಟವರು ಡಾಕ್ಟರು. ಅವರು ಬರಲಾರರು ಎಂದು ನಾನು ಧೈರ್ಯವಾಗಿದ್ದೆ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಹೇಳಿದ ಹೊತ್ತಿಗೆ ಮುಂಚೆಯೇ, ಹೆಂಡತಿಯೊಡನೆ ಬಂದರು.

ಯಜಮಾನ ಕೈಯಿಡದೆ ಅತಿಥಿ ಎಲೆಗೆ ಕೈಯಿಡುವಂತಿಲ್ಲ. ಡಾಕ್ಟರು ಹೋಳಿಗೆಯನ್ನು ನೋಡುತ್ತಾ ಕೂತರು. ಇವರು ನನ್ನನ್ನು ನೋಡುತ್ತಾ ಕೂತರು. ಇವರು ತಿಂದರೆ ಜರ್ಮನಿ ಹೋಗುತ್ತದೆ, ತಿನ್ನದಿದ್ದರೆ ಸರ್ಟಿಫಿಕೇಟು ಬರೆಯುವವರು ಹಸಿದು ಏಳುತ್ತಾರೆ. ನಾನು ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ. ಕೊನೆಗೆ ಡಾಕ್ಟರೇ, ಒಂದು ತಗೊಳ್ಳಿ, ಏನಾಗಲ್ಲ ಎಂದರು. ಒಂಟಿ ಹೋಳಿಗೆ ಬಡಿಸಬಾರದು ಎಂದು ಅತ್ತೆ ಇಬ್ಬರಿಗೂ ಎರಡು ಹಾಕಿದರು. ಅದು ಮುಗಿದ ಮೇಲೆ ಮೂರು ಆಗಬಾರದು ಎಂದು ನಾಲ್ಕು ಮಾಡಿದರು. ಆಮೇಲೆ ಐದು ಶುಭ ಎಂದರು. ಮೂರು ತಿಂಗಳ ಹಸಿವಿಗೆ ಬಾಗಿಲು ತೆರೆದ ಮೇಲೆ ಮುಚ್ಚುವವರು ಯಾರು? ಇವರು ಅನ್ನವನ್ನೂ ಎರಡು ಸಲ ಹಾಕಿಸಿಕೊಂಡರು. ಡಾಕ್ಟರು ಒಂದು ತುತ್ತೂ ಹಿಂದೆ ಬೀಳಲಿಲ್ಲ.

ಮಾರನೆಯ ದಿನ ಇವರು ಬರೀ ಹೊಟ್ಟೆಯಲ್ಲಿ ಹೋಗಿ, ಕೈಗಡಿಯಾರ ಕೂಡ ಬಿಚ್ಚಿಟ್ಟು ಯಂತ್ರ ಹತ್ತಿದರಂತೆ. ಮುಳ್ಳು ಗೆರೆ ದಾಟಿ ಎರಡು ಮನೆ ಮುಂದೆ ಹೋಗಿ ನಿಂತಿತು. ಇವರು ನೆಲ ನೋಡುತ್ತಾ ಇಳಿದರು. ಡಾಕ್ಟರು ಬರೆದು, ರುಜು ಮಾಡಿ, ಸರ್ಟಿಫಿಕೇಟು ಕೈಗೆ ಕೊಟ್ಟರು. ನೋಡಿದರೆ ತೂಕ ಸರಿಯಾಗಿದೆ, ಪಾಸು. ತೆಗೆದುಕೊಂಡು ಸುಮ್ಮನೆ ಬರುವುದು ಬಿಟ್ಟು ನಮ್ಮ ಹರಿಶ್ಚಂದ್ರ, ಸಾರ್, ಮುಳ್ಳು ಬೇರೆ ಏನೋ ತೋರಿಸ್ತಲ್ಲ ಎಂದು ಕೇಳಿದ್ದಾರೆ.

"ಮೆಲ್ಲಗೆ ಮಾತಾಡ್ರಿ," ಎಂದರಂತೆ ಡಾಕ್ಟರು. "ನೀವು ಬರೋಕ್ಕೆ ಮುಂಚೆ ನಾನೂ ಹತ್ತಿ ನೋಡ್ದೆ. ನಿಮ್ಮ ತಾಯಿಯವರ ಹೋಳಿಗೆ ಎಷ್ಟು ತೂಗುತ್ತೆ ಅಂತ ಗೊತ್ತಾಯ್ತು. ಅಷ್ಟನ್ನ ಕಳೆದು ಬರೆದಿದ್ದೀನಿ."