ನನ್ನ ದಫ್ತರದ ಹೂವಿನ ಪರದೆ

ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಅರ್ಜಿ ಬರೆಯುವುದು ನನ್ನಂಥ ಯೋಗ್ಯನಿಗೆ ತಕ್ಕುದಲ್ಲ ಎಂದು ಒಂದು ಬೆಳಿಗ್ಗೆ ನನಗೆ ದಿಢೀರನೆ ಮನವರಿಕೆಯಾಯಿತು. ಆಗ ನಿಜಾಮರ ಆಳ್ವಿಕೆ. ಹುಮನಾಬಾದಿನಲ್ಲಿ ಉರ್ದುವಿನಲ್ಲಿ ಅಂದವಾಗಿ ಅರ್ಜಿ ಬರೆಯುವವರು ಇಬ್ಬರೇ: ನಾನು, ಮತ್ತು ನನ್ನ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದ ಇನ್ನೊಬ್ಬ ಮುನ್ಷಿ. ಆತ ಓರೆಗಣ್ಣಿನಲ್ಲಿ ನೋಡಿ ನನ್ನ ಒಳ್ಳೊಳ್ಳೆಯ ಮಾತುಗಳನ್ನು ಕದಿಯುತ್ತಾನೆ ಎಂದು ನನಗೆ ಬಲವಾದ ಅನುಮಾನ. ಆತನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ನಿಜ. ಆದರೆ ಇನ್ನೊಂದು ಕಾಣುತ್ತಿತ್ತಲ್ಲ!

ಆದ್ದರಿಂದ ಮನೆಯಲ್ಲೇ ದಫ್ತರ ತೆರೆಯುವುದೆಂದು ತೀರ್ಮಾನಿಸಿದೆ. ಬೀದಿಗೆ ಬಾಗಿಲಿದ್ದ ಒಂದು ಕೋಣೆ ನಮಗಿತ್ತು. ಅಲ್ಲಿ ನನ್ನ ಹೆಂಡತಿ ಗಂಗವ್ವನ ಬೀಸುವ ಕಲ್ಲು, ಜೋಳದ ಚೀಲಗಳು. ಮಧ್ಯಾಹ್ನವಾದರೆ ಓಣಿಯ ಹೆಂಗಸರೆಲ್ಲ ಅಲ್ಲಿಗೇ ಬೀಸಲು ಬರುತ್ತಿದ್ದರು. ಹಿಟ್ಟಿಗಿಂತ ನನ್ನ ಸುದ್ದಿಯೇ ಅಲ್ಲಿ ನುಣ್ಣಗಾಗುತ್ತಿತ್ತು ಎಂಬುದು ನನ್ನ ಇನ್ನೊಂದು ಅನುಮಾನ.

“ಬೀಸೋ ಕಲ್ಲ ಎಲ್ಲಿಡ್ಲಿ?” ಎಂದಳು ಗಂಗವ್ವ.

“ಹಿತ್ತಲದಾಗ.”

“ಜ್ವಾಳದ ಚೀಲ?”

“ಅದೂ ಹಿತ್ತಲದಾಗ.”

“ಮತ್ತ ನಾ?”

ನಾನು ಕೋಣೆಯನ್ನು ಹೆಜ್ಜೆ ಹಾಕಿ ಅಳೆಯತೊಡಗಿದೆ. ಆದರೆ ನನ್ನ ಕಣ್ಣು ಹಿತ್ತಲ ಕಡೆ ಹೋದದ್ದು ಆಕೆಗೆ ಕಂಡಿತು!

ಫಲಕ ಹಾಕಲಿಲ್ಲ. ಹಾಕಿದರೆ ಸರ್ಕಾರ ಅದಕ್ಕೊಂದು ತೆರಿಗೆ ಹಚ್ಚೀತೆಂಬ ಅನುಮಾನ. ನಂಬಿಗಸ್ತ ಗಿರಾಕಿಗಳ ಕಿವಿಯಲ್ಲಿ ಮಾತ್ರ, “ಇನ್ನ ಮ್ಯಾಲ ಮನೀಗೇ ಬರ್ರಿ” ಎಂದು ಪಿಸುಗುಟ್ಟಿದೆ. ಮರದ ಕೆಳಗಿನ ಜಾಗವನ್ನು ಬಿಟ್ಟುಕೊಟ್ಟಾಗಿತ್ತು. ಇನ್ನು ಗಿರಾಕಿ ಮನೆಗೆ ಬರಬೇಕು, ಇಲ್ಲದಿದ್ದರೆ ಒಲೆಯ ಮೇಲೆ ಬೆಕ್ಕು ಮಲಗಬೇಕು.

ದಫ್ತರದ ಸಾಮಾನಿಗೆ ಕಲ್ಯಾಣ ಪಟ್ಟಣಕ್ಕೆ ಹೋದೆ. ಹುಮನಾಬಾದಿನಲ್ಲಿ ಕೊಂಡರೆ ಆ ಒಕ್ಕಣ್ಣ ಮುನ್ಷಿಗೆ ಗೊತ್ತಾಗುತ್ತದಲ್ಲ! ಒಂದು ಜಮಖಾನ, ಒರಗಲು ಎರಡು ಲೋಡು, ಬೀದಿಯ ಬಾಗಿಲಿಗೆ ಕೆಂಪು ಹೂವಿನ ದೊಡ್ಡ ಪರದೆ. ದಾರಿಹೋಕರು ಇಣುಕಿ ನನ್ನ ಅರ್ಜಿ ಓದಬಾರದೆಂದು ಈ ಮುಂಜಾಗ್ರತೆ.

“ಯಾರ ಸಲುವಾಗಿರಿ ಇಷ್ಟು ಚೆಂದದ ಪರ್ದಾ?” ಎಂದ ಅಂಗಡಿಯವ.

“ಅದನ್ನ ಹೇಳಂಗಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ” ಎಂದೆ.

ಆ ಅಂಗಡಿ ನನ್ನ ಹೆಂಡತಿಯ ತವರಿನ ಓಣಿಯಲ್ಲೇ ಇತ್ತು. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ದಫ್ತರ ಶುರುವಾಯಿತು. ಲೋಡಿಗೆ ಒರಗಿ, ಮಸಿಯ ದೌತಿ ಮುಂದಿಟ್ಟುಕೊಂಡು ಕಾದೆ. ಕಾದೇ ಕಾದೆ. ಒಂದು ನರಪಿಳ್ಳೆಯೂ ಬರಲಿಲ್ಲ! ನನ್ನ ಹಳೆಯ ಗಿರಾಕಿ, ಹತ್ತಿ ವ್ಯಾಪಾರದ ಮಹೆಬೂಬ್ ಸಾಹೇಬರು ಬಾಗಿಲವರೆಗೆ ಬಂದರು. ಕೆಮ್ಮಿದರು. ಹೆಸರು ಹಿಡಿದು ಕೂಗಿ ಕರೆದರೆ ದಫ್ತರದ ಘನತೆಗೆ ಕುಂದು ಎಂದು ನಾನು ಸುಮ್ಮನೆ ಪರದೆಯ ಅಂಚು ಸರಿಸಿ ನೋಡಿದೆ. ಪರದೆ ಅಲುಗಿದ್ದೇ ತಡ, ಸಾಹೇಬರು “ತೋಬಾ ತೋಬಾ” ಎಂದು ನೆಲ ನೋಡುತ್ತಾ ಓಟ ಕಿತ್ತರು!

ಇದರಲ್ಲಿ ಯಾರದೋ ಕೈವಾಡವಿದೆ ಎಂದುಕೊಂಡೆ. ಕೈ ಯಾರದೆಂದೂ ಬೇಗನೆ ಗೊತ್ತಾಯಿತು. ಎದುರು ಮನೆಯ ಶರಣಪ್ಪ ಕಟ್ಟೆಯ ಮೇಲೆ ಕುಳಿತು, ನಮ್ಮ ಮನೆಯತ್ತ ತಿರುಗಿದವರಿಗೆಲ್ಲ “ಹೋಗಬ್ಯಾಡ್ರಿ” ಎಂದು ಕೈಸನ್ನೆ ಮಾಡುತ್ತಿದ್ದ. ನಾನು ಪರದೆಯ ಸಂದಿನಿಂದ ಕಣ್ಣಾರೆ ಕಂಡೆ. ಒಕ್ಕಣ್ಣ ಮುನ್ಷಿ ಇವನಿಗೆ ಏನು ತಿನ್ನಿಸಿದ್ದಾನೋ! ಪರದೆ ಕಿತ್ತೆಸೆಯುವಂತೆ ಸರಿಸಿ ಹೊರಗೆ ನುಗ್ಗಿದೆ.

“ಶರಣಪ್ಪ, ನನ್ನ ಅನ್ನಕ್ಕ ಯಾಕ ಕಲ್ಲ ಹಾಕಾಕತ್ತೀದಿ?”

ಆತ ಉತ್ತರಿಸುವಷ್ಟರಲ್ಲಿ ಒಂದು ಎತ್ತಿನ ಗಾಡಿ ಬಂದು ನಿಂತಿತು. ಕಲ್ಯಾಣದಿಂದ ನನ್ನ ಹೆಂಡತಿಯ ತಮ್ಮ ಬಂದಿದ್ದ, ಕೈಯಲ್ಲಿ ಬಡಿಗೆ.

“ಭಾವಾರ, ಆಕಿ ಎಲ್ಲಿದಾಳ? ಹೊರಗ ಕರೀರಿ!”

“ಯಾರು? ನಿಮ್ಮಕ್ಕ ಹಿತ್ತಲದಾಗ ಬೀಸಾಕತ್ತಾಳ” ಎಂದೆ.

“ಹಂಗಾದ್ರ ಆ ಪರ್ದಾ ಅಂಗಡಿಯಂವ ಹೇಳಿದ್ದು ಖರೇನೇ ಅದ! ನಮ್ಮಕ್ಕಗ ಹಿತ್ತಲ, ಹೈದರಾಬಾದಿನಿಂದ ತಂದಾಕಿಗೆ ಲೋಡು, ಹೂವಿನ ಪರ್ದಾ!”

ಶರಣಪ್ಪ ಮೆಲ್ಲಗೆ ಕಟ್ಟೆಯಿಂದ ಇಳಿದ.

“ಮುನ್ಷೀಜಿ, ಬಾಗಲಕ್ಕ ಪರ್ದಾ ಬಿಟ್ರ ಒಳಗ ಜನಾನಾ ಅದ, ಹೆಣ್ಮಕ್ಕಳು ಅದಾರ ಅಂತ ಅಲ್ಲೇನ್ರಿ? ಗಂಡಸ್ರು ಹ್ಯಾಂಗ ಒಳಗ ಬರತಾರ? ನೀವು ಎರಡನೇದು ಮಾಡ್ಕೊಂಡದ್ದು ನನಗ ಸೇರಲಿಲ್ಲ. ಆದ್ರೂ ನೆರಿಮನಿ ಹೆಣ್ಮಕ್ಕಳ ಮರ್ಯಾದಿ ನಮ್ಮದೂ ಹೌದಲ್ರಿ, ಅದಕ್ಕ ಬಂದವ್ರನ್ನ ತಡದೆ.”

ಹೌದಲ್ಲ! ಈ ಊರಿನಲ್ಲೇ ಹುಟ್ಟಿ ಬೆಳೆದ ನಾನು, ಪರದೆ ಕಂಡಲ್ಲೆಲ್ಲ ಕೆಮ್ಮಿ ಹಿಂದೆ ಸರಿದ ನಾನು, ನನ್ನ ದಫ್ತರಕ್ಕೆ ನಾನೇ ಬೀಗ ಜಡಿದುಕೊಂಡಿದ್ದೆ. ಜನ ಇಣುಕದಿರಲೆಂದು ಪರದೆ ಕಟ್ಟಿದೆ. ಅವರು ಮರ್ಯಾದೆಯಿಂದ ಇಣುಕಲೇ ಇಲ್ಲ!

ಭಾವಮೈದುನ ಹೊರಗೇ ನಿಂತು ಪರದೆಗೆ ಬಡಿಗೆ ತೋರಿಸುತ್ತಿದ್ದ. ಗದ್ದಲ ಕೇಳಿ ಗಂಗವ್ವ ಮೈಯೆಲ್ಲ ಹಿಟ್ಟಾಗಿ ಬಂದಳು. ವಿಷಯ ತಿಳಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಈ ಮಾರಿಗೆ ಎರಡನೇದಾಕಿ? ಮೊದಲನೇದಾಕೀನೇ ಬೀಸೋದು ಬಿಟ್ಟು ಓಡಿ ಹೋಗಬೇಕಂತ ಮಾಡೀನಿ!”

ಮಾನ ಉಳಿಯಿತು, ನಿಜ. ಆದರೆ ಇದಕ್ಕಿಂತ ಅನುಮಾನವೇ ಉಳಿದಿದ್ದರೆ ಗೌರವವಿರುತ್ತಿತ್ತೇನೋ ಎನಿಸಿ ನನಗೆ ನಾಚಿಕೆಯಾಯಿತು.

“ಪರ್ದಾ ತಗದು ಬಿಡ್ತೀನಿ” ಎಂದೆ.

“ಮುಟ್ಟಬ್ಯಾಡ್ರಿ!” ಎಂದಳು ಗಂಗವ್ವ.

ಸಂಜೆಯೊಳಗೆ ಬೀಸುವ ಕಲ್ಲು ಕೋಣೆಗೆ ಮರಳಿತು. ಬೀದಿಯ ಕಣ್ಣು ತಪ್ಪಿಸಿ ಆರಾಮಾಗಿ ಬೀಸಬಹುದೆಂದು ಪಕ್ಕದ ಓಣಿಯ ಹೆಂಗಸರೂ ಬರತೊಡಗಿದರು, ಲೋಡಿಗೆ ಒರಗಿ ಎಲೆ ಅಡಿಕೆ ಹಾಕತೊಡಗಿದರು. ನಾನು ಬೇವಿನ ಮರಕ್ಕೆ ಮರಳಿದೆ. ಒಕ್ಕಣ್ಣ ಮುನ್ಷಿ ಏನೂ ಕೇಳದೆ ಚಾಪೆ ಸರಿಸಿ ಜಾಗ ಕೊಟ್ಟ. ಏನೂ ಕೇಳಲಿಲ್ಲವೆಂದರೆ ಎಲ್ಲವೂ ಗೊತ್ತಿದೆಯೆಂದೇ ಅರ್ಥ!

ಅಲ್ಲಿ ಕುಳಿತ ಮೇಲೆ ನೆನಪಾಯಿತು, ಮಸಿಯ ದೌತಿ ದಫ್ತರದಲ್ಲೇ ಉಳಿದಿದೆ. ಮನೆಗೆ ಓಡಿದೆ. ಪರದೆಯ ಮುಂದೆ ನಿಂತು ಅಭ್ಯಾಸಬಲದಿಂದ ಕೆಮ್ಮಿದೆ.

“ಯಾರ್ರಿ ಅದು?” ಒಳಗಿನಿಂದ ಗಂಗವ್ವನ ದನಿ.

“ನಾನು. ದೌತಿ ಬೇಕಾಗಿತ್ತು.”

“ಒಳಗ ಹೆಣ್ಮಕ್ಕಳು ಅದಾರ. ಆಮ್ಯಾಲ ಬರ್ರಿ!”

ನೆಲ ನೋಡುತ್ತಾ ಹಿಂದಿರುಗಿದೆ. ಎದುರು ಕಟ್ಟೆಯಿಂದ ಶರಣಪ್ಪ ಮೆಚ್ಚಿಕೆಯಿಂದ ತಲೆಯಾಡಿಸಿದ.

“ಈಗ ನೋಡ್ರಿ ಮುನ್ಷೀಜಿ, ಗಂಡಸು ಅಂದ್ರ ಹಿಂಗಿರಬೇಕು!”